ಎಂಟು ಗಂಟೆಯ ಊರು

ನಮ್ಮ ಕೋಣೆಗೆ ಕಿಟಕಿಯಿದೆ, ತೆರೆಯುವಂತಿಲ್ಲ.
ಬೆಳಗಿನ ಐದಕ್ಕೇ ಎದ್ದು ಯೂಲಾ
ಗಾಜಿಗೆ ಮೂಗೊತ್ತಿ ನಿಂತಿದ್ದಾಳೆ,
ಹಲ್ಲಿನ ಸೆಟ್ಟು ಇನ್ನೂ ಲೋಟದಲ್ಲೇ.
“ಬಂತಾ?” ಅಂದೆ.
“ಗುಡ್ಡವೋ ಮೋಡವೋ, ಸುಮ್ಮನಿರು” ಅಂದಳು.

ನನ್ನ ದ್ವೀಪ ನಡುರಾತ್ರಿಯೇ ದಾಟಿಹೋಯಿತು.
ಸೇಂಟ್ ವಿನ್ಸೆಂಟಿನಲ್ಲಿ ನಿಲ್ಲುವ ಹಡಗಿಗೆ
ಮುನ್ನೂರು ಪೌಂಡು ಹೆಚ್ಚು.
ಎರಡು ಗಂಟೆಗೆ ಬಚ್ಚಲಿಗೆಂದು ಎದ್ದವನಿಗೆ
ದೂರದಲ್ಲೊಂದು ದೀಪದ ಸಾಲು ಕಂಡಿತ್ತು;
ಅದೇ ಇರಬೇಕು. ಕೈ ಎತ್ತಿದೆ,
ಆಮೇಲೆ ನಾಚಿಕೆಯಾಗಿ ತಲೆ ಕೆರೆದುಕೊಂಡೆ.

ಸಾವಿರದ ಒಂಬೈನೂರ ಅರವತ್ತೊಂದು:
ಅವಳು ಹೋದ ಹಡಗು ಬೇರೆ, ನಾನು ಹೋದದ್ದು ಬೇರೆ,
ನಾತ ಒಂದೇ. ಗೂಡಿಗೆ ಆರು ಜನ,
ರಟ್ಟಿನ ಪೆಟ್ಟಿಗೆಗೆ ಬಿಗಿದ ಹಗ್ಗ.
ಈಗ ಮಧ್ಯರಾತ್ರಿ ಮೂರು ಬಗೆಯ ಕೇಕು,
ಹಾಸಿಗೆಯ ಮೇಲೆ ದಿನಕ್ಕೊಂದು ಟವೆಲ್ಲಿನ ಪ್ರಾಣಿ;
ಬಾಲಿಯ ಹುಡುಗ ವಯಾನ್ ಮಡಿಸಿಟ್ಟು ಹೋಗುತ್ತಾನೆ.
ಯೂಲಾ ಬಿಚ್ಚಗೊಡುವುದಿಲ್ಲ:
“ಯಾರೋ ಕೂತು ಮಾಡಿದ್ದು. ಅದರಲ್ಲಿ ಬೆನ್ನೊರೆಸಿಕೊಳ್ಳೋದೇ?”
ಮೂವತ್ತೊಂದು ವರ್ಷ ಹಡರ್ಸ್‌ಫೀಲ್ಡಿನ ಆಸ್ಪತ್ರೆಯಲ್ಲಿ
ರಾತ್ರಿಪಾಳಿ, ಮಂದಿಯ ಬೆನ್ನೊರೆಸಿದವಳು.
ಸೋಫಾದ ಮೇಲೀಗ ಕೋತಿ, ಆನೆ, ಆಮೆ,
ಇನ್ನೊಂದು ಏನೆಂದು ಇಬ್ಬರಿಗೂ ತಿಳಿಯದು.
ನಾನು ಬನಿಯನ್ನಿನಲ್ಲಿ ಮೈ ಒರೆಸಿಕೊಳ್ಳುತ್ತೇನೆ.

ಎಂಟೂವರೆಗೆ ಇಳಿದೆವು. ನಾಲ್ಕೂವರೆಗೆ ವಾಪಸು.
ಎದೆಗೆ ಹದಿನಾಲ್ಕನೆಯ ನಂಬರಿನ ಚೀಟಿ.
ವ್ಯಾನಿನ ಹುಡುಗ ಕೆಲ್ಲನ್ ಕೇಳಿದ,
“ಗ್ರೆನಡಾಕ್ಕೆ ಮೊದಲ ಸಲವಾ ಅಮ್ಮಾ?”
ನಾನು ಬಾಯಿ ತೆರೆದೆ. ಯೂಲಾ ಕಾಲು ತುಳಿದಳು.
“ಹೂಂ” ಅಂದಳು, ಡಾಕ್ಟರರೆದುರು ಆಡುವ ಇಂಗ್ಲಿಷಿನಲ್ಲಿ,
“ಎಲ್ಲಾ ತೋರಿಸಪ್ಪ.”

ತೋರಿಸಿದ. ಗ್ವಾವ್ ಊರಿನ ಮಂಡಿಯೆದುರು ವ್ಯಾನು ನಿಲ್ಲಿಸಿ
ಅವಳ ಅಂಗೈಗೊಂದು ಜಾಯಿಕಾಯಿ ಇಟ್ಟು
“ಈ ಕೆಂಪು ಜಾಳಿಗೆ ಇದೆಯಲ್ಲ, ಜಾಪತ್ರೆ.
ಉಗುರಿನಿಂದ ಗೀರಿ, ಮೂಸಿ” ಎಂದು ಕಲಿಸಿದ,
ಅದೇ ಮಂಡಿಯಲ್ಲಿ ಗೋಣಿಯ ಮೇಲೆ ಕೂತು
ಕಾಯಿ ಆರಿಸಿ ಆರಿಸಿ ಬೆರಳು ಕಂದಿದವಳ ಮಗಳಿಗೆ.
ಗೀರಿದಳು. ಮೂಸಿದಳು.
“ಅಬ್ಬಾ, ಏನು ಘಮ!” ಅಂದಳು.
ಕಪ್ಪು ಕನ್ನಡಕ ಹಾಕಿದ್ದಳು; ನನಗೇನೂ ಕಾಣಲಿಲ್ಲ.

ಅವಳ ಮನೆಯಿದ್ದಲ್ಲಿ ಟೈರಿನ ಅಂಗಡಿ.
“ಬಿರುಗಾಳಿಗೆ ತೋಟವೆಲ್ಲ ಮಲಗಿತು, ನಾನಾಗ ಚಿಕ್ಕವ”
ಎಂದು ಕೆಲ್ಲನ್ ಹೇಳುತ್ತಲೇ ಇದ್ದ.
ಅವಳು ತಲೆಯಾಡಿಸುತ್ತಲೇ ಇದ್ದಳು.

ಎಲ್ಲ ಕೆಟ್ಟಿದ್ದು ಬಂದರಿನ ಬಾಯಲ್ಲಿ,
ಮಸಾಲೆಯ ಸರ ಮಾರುವ ಹೆಂಗಸು
“ಹತ್ತು ಡಾಲರ್, ಅಮೆರಿಕದ್ದು” ಅಂದಾಗ.
“ಏನ್ ತಾಯಿ, ನಾನೇನ್ ನಿನ್ನೆ ಹುಟ್ಟಿದೋಳಾ?
ಹನ್ನೆರಡು ಕಾಯ್ಗೆ ಹತ್ತು ಡಾಲರಂತೆ! ಅದ್ರಾಗೆ ಎರಡು ಟೊಳ್ಳು!”
ಐವತ್ತೆಂಟು ವರ್ಷದ ಸಂಸಾರದಲ್ಲಿ
ನಾನು ಕೇಳಿರದ ದನಿ. ಮೀನುಪೇಟೆಯ ದನಿ,
ಸೊಂಟದ ಮೇಲೆ ಕೈಯಿಟ್ಟ ದನಿ.
ಆ ಹೆಂಗಸು ನಕ್ಕು ನಕ್ಕು ಬುಟ್ಟಿ ಇಳಿಸಿದಳು,
ನಾಲ್ಕಕ್ಕೆ ಕೊಟ್ಟು ಮೇಲೊಂದು ಹಿಡಿ ಜಾಪತ್ರೆ ಸುರಿದಳು.
ಕೆಲ್ಲನ್ ಮುಖ ಜೋತುಬಿತ್ತು:
“ಅಜ್ಜೀ, ಮೊದಲೇ ಹೇಳಬಾರದಿತ್ತಾ?”
“ಚಂದ ಹೇಳ್ತಾ ಇದ್ದೆ ಮಗಾ.
ನಡುವೆ ಬಾಯಿ ಹಾಕೋಕೆ ಮನಸ್ಸಾಗಲಿಲ್ಲ.”

ಸರವನ್ನು ಆನೆಯ ಸೊಂಡಿಲಿಗೆ ತೂಗುಹಾಕಿದಳು.
ಬೆಳಿಗ್ಗೆ ಬಂದ ವಯಾನ್ ಬಾಗಿಲಲ್ಲೇ ನಿಂತ,
ಕೈತುಂಬ ಒಗೆದ ಟವೆಲ್ಲು.
“ಅಮ್ಮನ ಅಡಿಗೆಮನೆ” ಅಂದ, ಯಾರಿಗೋ ಅಂದಂತೆ.
ಊರಿಗೆ ಹೋಗಿ ಒಂಬತ್ತು ತಿಂಗಳಾಯಿತಂತೆ.
ಯೂಲಾ ದಾರವನ್ನು ಕಚ್ಚಿ ಕಡಿಯಲು ಹೋಗಿ,
ಹಲ್ಲು ಲೋಟದಲ್ಲಿರುವುದು ನೆನಪಾಗಿ,
ನನ್ನತ್ತ ಚಾಚಿದಳು.
ಕಡಿದೆ. ಕಾಯಿಗಳೆಲ್ಲ ನೆಲಕ್ಕೆ ಬಿದ್ದು
ಹಡಗು ವಾಲಿದ ಕಡೆಗೆ ಉರುಳಿದವು.
ಮೂವರೂ ಮೊಳಕಾಲೂರಿ ಮಂಚದಡಿ ತಡಕಿದೆವು.
ಹನ್ನೊಂದು ಸಿಕ್ಕವು;
ಎರಡು ಟೊಳ್ಳು, ಅವಳು ಹೇಳಿದಂತೆ.