ಆಗಸ್ಟ್ ತಿಂಗಳ ಬೆಳಚು

ಕೋಷ್ಟಕ ಮೂರು, ಎಂಟನೆಯ ಸಾಲು:
ಸುಂಕೇರಿ ದಂಡೆ, ಆಗಸ್ಟ್,
ಚದರ ಮೀಟರಿಗೆ ನೂರಾ ಹನ್ನೆರಡು ಬೆಳಚು.
ಅಚ್ಚಿನಲ್ಲಿ ಚಂದ ಕೂತಿದೆ,
ದಶಾಂಶ ಬಿಂದುವಿನಾಚೆ ಎರಡು ಅಂಕಿ ಬೇರೆ.

ಆ ತಿಂಗಳು ಕದ್ರಾದ ಗೇಟು ತೆಗೆದಿದ್ದರು.
ಕಾಳಿ ಕೆಂಪಾಗಿ, ಮರದ ಬೊಡ್ಡೆ, ಸತ್ತ ಎಮ್ಮೆ,
ಯಾರದೋ ಕೊಟ್ಟಿಗೆಯ ಬಾಗಿಲು ಹೊತ್ತು
ಸೇತುವೆಯಡಿ ಹಾಯುತ್ತಿತ್ತು.
ನಾನು ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ
ಒದ್ದೆ ಬಟ್ಟೆ ಫ್ಯಾನಿನ ಕೆಳಗೆ ಹರವಿ
ಜುಲೈಗೂ ಸೆಪ್ಟೆಂಬರಿಗೂ ನಡುವಿನ ಖಾಲಿ ಚೌಕ
ನೋಡುತ್ತ ಕೂತಿದ್ದೆ.

ಎರಡನ್ನೂ ಕೂಡಿಸಿ ಅರ್ಧ ಮಾಡಿದೆ.
ತೀರ ಸಮ ಬಂತೆಂದು ಮೂರು ಕಳೆದೆ.
ಇದಕ್ಕೂ ಒಂದು ಕೈಗುಣ ಬೇಕು:
ಸುಳ್ಳು ತುಸು ಸೊಟ್ಟಗಿರಬೇಕು, ನಿಜದ ಹಾಗೆ.

ವಾಮನ ಶೇಜವಾಡಕರ ಸರ್ ನೋಡಿ
ಗ್ರಾಫ್ ಚೆನ್ನಾಗಿ ಬಂದಿದೆ ಅಂದರು.
ಬೇರೇನೂ ಕೇಳಲಿಲ್ಲ.
ಕೇಳದಿರುವುದು ಅವರ ಮೂವತ್ತು ವರ್ಷದ ವಿದ್ಯೆ.

ಹೆಸರುಗಳ ಸಾಲಿನಲ್ಲಿ ಮೊದಲು ಅವರು,
ಆಮೇಲೆ ಬಡ್ತಿಗೆ ಒಂದು ಲೇಖನ ಕಡಿಮೆ ಬಿದ್ದಿದ್ದ,
ಹೊಳೆಯನ್ನು ಬಸ್ಸಿನ ಕಿಟಕಿಯಿಂದ ಕಂಡಿದ್ದ
ರಸಾಯನಶಾಸ್ತ್ರದ ಭಾವಮೈದುನ.
ಕೊನೆಗೆ ನಾನು, ವಿಜೇತಾ ಪೆಡ್ನೇಕರ.
ಶೇವಂತಿ ಅಂಬಿಗ ಇಲ್ಲ.
ಸೊಂಟದ ತನಕ ನೀರಲ್ಲಿ ನಿಂತು
ಕೆಸರೊಳಗಿನ ಚಿಪ್ಪನ್ನು ಕಾಲ್ಬೆರಳಲ್ಲೇ ಗುರುತಿಸಲು
ನನಗೆ ಕಲಿಸಿದವಳು
ಕೃತಜ್ಞತೆಯ ಪ್ಯಾರಾದಲ್ಲಿ 'ಸ್ಥಳೀಯರು' ಆದಳು.

ಹನ್ನೆರಡು ಸಾವಿರ ಕಟ್ಟಿದೆವು.
ನಾಲ್ಕನೆಯ ದಿನ ಪರಿಶೀಲಕರ ಅಭಿಪ್ರಾಯ ಬಂತು:
ಅತ್ಯುತ್ತಮ. ಎರಡನೆಯ ಪುಟದಲ್ಲಿ ಒಂದು ಅಲ್ಪವಿರಾಮ ಹಾಕಿ.
ಉಪ್ಪಿಗೆ ಹಾಕಿದ ಮಾವಿನ ಮಿಡಿ ಕೂಡ
ನಾಲ್ಕು ದಿನಕ್ಕೆ ಚಿರುಟುವುದಿಲ್ಲ.

ಅಲ್ಲಿಗೇ ಮುಗಿದಿದ್ದರೆ
ಕಪಾಟಿನಲ್ಲೊಂದು ಧೂಳಿನ ಪ್ರತಿ, ಅಷ್ಟೆ.
ಎರಡು ವರ್ಷದ ಮೇಲೆ ಅದು
ಮರಳು ತೆಗೆಯುವವರ ಅರ್ಜಿಗೆ ಲಗತ್ತಾಗಿ ಊರಿಗೆ ಬಂತು.
ಮಳೆಗಾಲದಲ್ಲೂ ಚಿಪ್ಪಿನ ಸಂತತಿಗೆ ಧಕ್ಕೆಯಿಲ್ಲ,
ನೋಡಿ, ಕೋಷ್ಟಕ ಮೂರು.
ಸಭೆಯಲ್ಲಿ ಓದಿ ಹೇಳಿದವಳು ನಾನೇ,
ಕಲಿತವಳೆಂದು ನನ್ನ ಕೈಗೇ ಕೊಟ್ಟಿದ್ದರು.

ಶೇವಂತಿ ಕವಳವನ್ನು ಒಂದು ಕೆನ್ನೆಗೆ ಸರಿಸಿ,
"ಆಗಸ್ಟಲ್ಲನಾ? ಆಗ ಹೊಳಿಗೆ ಇಳದೋರ್ ಯಾರಾ, ತಂಗಿ?"
ಚುಚ್ಚಲಿಕ್ಕೆ ಕೇಳಿದ್ದಲ್ಲ.
ಆ ನೂರಾ ಹನ್ನೆರಡರ ಬುಟ್ಟಿ
ಯಾವ ಮನೆಯ ತಲೆಯ ಮೇಲೆ ದಂಡೆ ಹತ್ತಿತೆಂದು
ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ಸಂಪಾದಕರಿಗೆ ಬರೆದೆ:
ಎಂಟನೆಯ ಸಾಲು ನಾನು ಕಟ್ಟಿದ್ದು, ಲೇಖನ ಹಿಂಪಡೆಯಿರಿ.
ಅರ್ಧ ಗಂಟೆಯಲ್ಲಿ ಉತ್ತರ:
ಹಿಂಪಡೆಯುವ ಶುಲ್ಕ ಹದಿನೆಂಟು ಸಾವಿರ,
ಈ ತಿಂಗಳೊಳಗಾದರೆ ರಿಯಾಯಿತಿ.
ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ.
ಒಳಗೆ ಹೋಗಲು ಹನ್ನೆರಡು, ಹೊರಗೆ ಬರಲು ಹದಿನೆಂಟು.

ರಾತ್ರಿ ಸರ್ ಫೋನು ಮಾಡಿದರು,
ಒಂದು ಅಂಕಿಗೆ ಇಷ್ಟೆಲ್ಲ ಯಾಕಮ್ಮ,
ನಿನ್ನ ಪಿಎಚ್‌ಡಿಯೂ ಅದೇ ದೋಣಿಯಲ್ಲಿದೆ.
ದನಿ ಮೆತ್ತಗಿತ್ತು, ಕೆಮ್ಮಿದರು.
ಔಷಧಿ ತಗೊಂಡಿರಾ ಸರ್ ಅಂತ ಕೇಳಿಯೂಬಿಟ್ಟೆ.

ಹದಿನೆಂಟು ಸಾವಿರ ಇರಲಿಲ್ಲ.
ಪತ್ರದ ಪ್ರತಿಯನ್ನು ಅರ್ಜಿ ಇದ್ದ ಕಚೇರಿಗೇ ಕೊಟ್ಟೆ.
ಗುಮಾಸ್ತ ಓದದೆ ಮೊಹರು ಹೊಡೆದ.
ಆ ಸ್ವೀಕೃತಿ ಚೀಟಿ ಪರ್ಸಿನಲ್ಲಿದೆ,
ಬಸ್ ಟಿಕೆಟ್ ತೆಗೆಯುವಾಗೆಲ್ಲ ಬೆರಳಿಗೆ ಸಿಗುತ್ತದೆ.

ಈಗ ಮತ್ತೆ ಆಗಸ್ಟ್, ಮತ್ತೆ ಗೇಟು.
ಸುಂಕೇರಿ ದಂಡೆಯಲ್ಲಿ ಕಬ್ಬಿಣದ ಚೌಕಟ್ಟು ಒರಗಿಸಿ
ಛತ್ರಿಯಡಿ ಕೂತು ಎಂಟನೆಯ ಚೌಕದಲ್ಲಿ ಬರೆದೆ.
ಶೇವಂತಿ ಬಗ್ಗಿ ಕೇಳಿದಳು, ಎಂತಾ ಬರದೆ?
"ಇಳಿಯಲಾಗಲಿಲ್ಲ ಅಂತ."
ಅವಳು ನಕ್ಕಳು, ಕೆಂಪು ಹಲ್ಲು.
"ಅಷ್ಟ್ ಬರೂಕೆ ಇಷ್ಟ್ ದೊಡ್ಡ ಪಟ್ಟಿ ಬೇಕನಾ?"