ಹನ್ನೊಂದು ಮೆಟ್ಲ

ಕತ್ತರಿ ಈಗ ಅಡಗಿಮನಿ ಗೂಟಕ್ಕ ತೂಗ್ತೈತಿ.
ಬಂದವ್ರು ನಗತಾರ: ಏನ ಬನಶಂಕ್ರಕ್ಕ,
ಕುಪ್ಪಸಕ್ಕೂ ಒಗ್ಗರಣಿ ಹಾಕ್ತೀಯೇನ?

ಮೊದಲ ಹಂಗಿರಲಿಲ್ಲ.
ಕೂತಲ್ಲೇ ಎಲ್ಲಾ ಕೈಗೆ ಸಿಗಬೇಕು, ಅದ ನನ್ನ ಜಂಬ.
ಬಲಕ್ಕ ಬಾಬಿನ್ ಡಬ್ಬಿ, ಎಡಕ್ಕ ಇಸ್ತ್ರಿ,
ಹುಕ್ಕಿನ ಪಾಕೀಟು ತೊಡಿ ಮ್ಯಾಲ,
ಸ್ಟೂಲಿನ ಬುಡಕ ನೀರಿನ ತಂಬಿಗಿ.
ಗುಳೇದಗುಡ್ಡದಾಗ ಖಣ ಹೊಲಿಯೋರು ಬಾಳ ಮಂದಿ;
ಎದ್ದು ನಿಲ್ಲದನ ದಿನಕ್ಕ ಎಂಟು ಮುಗಿಸಾಕಿ
ನಾ ಒಬ್ಬಾಕಿ.

ಹತ್ತೊಂಬತ್ತು ವರ್ಷ ಕಾಲಿಂದ ತುಳದೆ.
ಆ ತುಳಿತ ನೆಟ್ಟಗ ಹಾಸಿದ್ರ
ಬಾದಾಮಿ ದಾಟಿ, ಮಲಪ್ರಭಾ ದಾಟಿ, ಎಲ್ಲಿ ಇರ್ತಿದ್ದೆನೊ.
ಹೊಸ್ತಿಲ ಸುದ್ದಾ ಮುಟ್ಟಲಿಲ್ಲ.
ಆಮ್ಯಾಲ ಮೋಟಾರ್ ಬಂತು.
ಕಾಲಿಗಿದ್ದದ್ದು ಅದೊಂದ ಕೆಲಸ, ಅದೂ ಹೋತು.

ಒಂದಿನ ಕುಕ್ಕರ್ ಮೂರನೇ ಸೀಟಿ ಹೊಡೀತು.
ಎದ್ದೆ.
ಎಡಗಾಲು ಏಳಲಿಲ್ಲ.
ಚಿಮ್ಮಲಗಿಯವರ ಮದವಿ ಖಣದ ಮ್ಯಾಲ ಬಿದ್ದೆ,
ಗುಂಡುಪಿನ್ನಿನ ಡಬ್ಬಿ ಸಹಿತ.
ಅವು ಆರಿಸೂದ್ರಾಗ ಬ್ಯಾಳಿ ತಳ ಹತ್ತಿತು.

ಮರುದಿನ ಯಾರನ್ನೂ ಕೇಳಲಿಲ್ಲ.
ಇಸ್ತ್ರಿ ಪಡಸಾಲಿ ಕಿಡಕಿಗೆ ಹೋತು,
ದಾರದ ಉಂಡಿ ದೇವರ ಮಾಡದ ಬಾಜೂಕ.
ತಂಬಿಗಿ ತುಂಬಿ ಇಟಗೊಳ್ಳೂದ ಬಿಟ್ಟೆ:
ನೀರಡಿಕಿ ಆತೇನು, ಕೊಡ ಎಲ್ಲೈತೊ ಅಲ್ಲಿಗೆ ನಡಿ.
ಜೋಳದ ಹಳೇ ಪೆಟ್ಟಿಗಿ ಟೊಂಕದ ಮಟ ಬರ್ತೈತಿ,
ಅದರ ಮುಂದ ನಿಂತ ಅಳೀತೀನಿ, ಗೀರತೀನಿ,
ಕತ್ತರಸಾಕ ಕೈ ಚಾಚಿದ್ರ
ಅಡಗಿಮನಿ.

ಒಂದು ಕುಪ್ಪಸಕ್ಕ ಹದಿನಾಲ್ಕು ಸಲ ಏಳ್ತೀನಿ ಈಗ.
ಎಂಟು ಹೋಗಿ ಐದಕ್ಕ ಬಂದೈತಿ ಲೆಕ್ಕ.
ಗಂಡ ರೊಕ್ಕ ಎಣಿಸ್ತಾನ, ನನ್ನ ನಡಿಗಿ ನೋಡ್ತಾನ,
ಮತ್ತೊಮ್ಮೆ ಎಣಿಸ್ತಾನ.
ಕೆಲವೊಮ್ಮೆ ದಾರ ತರಾಕ ಹೋದಾಕಿ
ಯಾಕ ಬಂದೆ ಅನ್ನೂದ ಮರತು
ಹಿತ್ತಲ ಕರಿಬೇವಿನ ಹತ್ರ ನಿಂತಿರ್ತೀನಿ.
ಸೂಜಿ ಒಳಗ, ಅರ್ಧ ತೋಳಿಗೆ ಚುಚ್ಚಿಕೊಂಡು
ಕಾಯ್ತಿರತೈತಿ.

ಮಶಿನಿಗೂ ಕಿಡಕಿಗೂ ನಡುವ
ಮುಚ್ಚಿದ ಮಗ್ಗದ ಕುಣಿ.
ಅದರಾಗ ಕಾಲ ಇಳಿಬಿಟ್ಟು ಮಾವ ನಲವತ್ತು ವರ್ಷ ಕೂತಿದ್ದ.
ಅವ ಹೋದ ಮ್ಯಾಲ ಹಾಸಗಲ್ಲು ಎಳಿಸಿದ್ವಿ,
ಒಳಗ ಮಣ್ಣು ತುಂಬಸಾಕ ರೊಕ್ಕ ಸಾಲಲಿಲ್ಲ.
ನಾ ಹಾದಾಗೊಮ್ಮೆ ಕಲ್ಲು
ಧಬ್ ಅಂತೈತಿ.

ಅತ್ತಿಗೆ ಕಣ್ಣು ಮಂಜು. ಬಾಜಿನ ಮ್ಯಾಲಿಂದ ಕೇಳ್ತಾಳ:
ಯಾರಬೆ, ಮಗ್ಗ ಹೂಡಿದವ್ರು?
ನಾನ ಅತ್ತಿ, ಇಸ್ತ್ರಿಗೆ ಹೊಂಟೀನಿ.
ಹೂಂ. ಲಾಳಿ ಸರಳ ಓಡವಲ್ದು. ಎಣ್ಣಿ ಹಾಕು.

ಹಾಕ್ತೀನಿ ಅಂತೀನಿ.
ಎಣ್ಣಿ ಡಬ್ಬಿ ಎಲ್ಲಿಟ್ಟೀನಿ?
ಮಾಳಗಿ ಮ್ಯಾಲ.
ಹನ್ನೊಂದು ಮೆಟ್ಲ.