ಹಿಂಬರಹ

ಯಾಂಬೊಲ್‌ನಲ್ಲಿ ನಾವು ಹೌದು ಅನ್ನಲು
ತಲೆಯನ್ನು ಅಡ್ಡಡ್ಡ ಆಡಿಸುತ್ತೇವೆ,
ಇಲ್ಲ ಅನ್ನಲು ಗದ್ದವನ್ನೊಮ್ಮೆ ಮೇಲಕ್ಕೆ ಚಿಮ್ಮಿಸುತ್ತೇವೆ.
ಹೊರಗಿನವರು ಸಂತೆಯಲ್ಲಿ ಮೋಸಹೋಗುವುದು ಇಲ್ಲೇ.
ಅದಕ್ಕೇ ಇರಬೇಕು, ಕಾರ್ಖಾನೆಯ ಸಭೆಗಳಲ್ಲಿ
ತಲೆಯನ್ನು ಯಾರೂ ನಂಬುತ್ತಿರಲಿಲ್ಲ.
ಕೈ ಎತ್ತಿ, ಎನ್ನುತ್ತಿದ್ದರು.
ಕೈಗೆ ಎರಡರ್ಥವಿಲ್ಲ, ಎನ್ನುತ್ತಿದ್ದರು.

ಎಪ್ಪತ್ತನಾಲ್ಕರ ಸೆಪ್ಟೆಂಬರ್. ಮೆಣಸಿನಕಾಯಿ ಸುಟ್ಟ ಹೊಗೆ
ಊಟದ ಕೋಣೆಯ ಪರದೆಗಳಲ್ಲಿ ಕೂತಿತ್ತು.
ಮುಚ್ಚಳ ಬಿಗಿಯುವ ಯಂತ್ರದ ಮೆತೋದಿ,
ಶೀಶೆಯ ಮೇಲೆ ಬರೆದ ತೂಕ ಶೀಶೆಯ ಒಳಗಿಲ್ಲವೆಂದು
ಗೋಡೆಪತ್ರಿಕೆಯಲ್ಲಿ ಬರೆದುಬಿಟ್ಟಿದ್ದ, ಗ್ರಾಮಿನ ಲೆಕ್ಕ ಸಮೇತ.
ಅವನನ್ನು ಖಂಡಿಸುವ ಕಾಗದ ಮೇಲಿನಿಂದಲೇ ಸಿದ್ಧವಾಗಿ ಬಂದಿತ್ತು.
ಬೇಕಿದ್ದುದು ನಮ್ಮ ಬೆಂಬಲ ಮಾತ್ರ.
ಎಣಿಸುವ ಕೆಲಸ ನನ್ನದು.

ಮೊದಲು ಮುಂದಿನ ಸಾಲು,
ಬಟ್ಟೆ ಒಣಗಹಾಕುವಷ್ಟು ಸಲೀಸಾಗಿ.
ಆಮೇಲೆ ಹಿಂದಿನವರು, ಮುಂದಿನವರ ಕೈ ನೋಡಿ.
ಬಿಸಿನೀರಲ್ಲಿ ಬೆಂದ ಕೈ, ಟೊಮೆಟೊ ರಸ ಉಗುರಿಗಿಳಿದ ಕೈ,
ಕಿವಿ ತುರಿಸಲೆಂದು ಹೊರಟು
ಅರ್ಧದಲ್ಲೇ ಲೆಕ್ಕಕ್ಕೆ ಸಿಕ್ಕ ಕೈ.
ಡೊಬ್ರಿನ್‌ನದು ಮೂರೇ ಬೆರಳಿನ ಕೈ.
ಉಳಿದೆರಡನ್ನು ಯಂತ್ರ ನುಂಗಿದ ದಿನ
ಬೆಲ್ಟು ನಿಲ್ಲಿಸಿ, ಅವನನ್ನು ಹೊತ್ತು ಓಡಿದ್ದು ಮೆತೋದಿ.
ಆ ಕೈಯೂ ಎದ್ದಿತು.
ಒಂದು ಎಂದೇ ಬರೆದುಕೊಂಡೆ.

ಅರವತ್ತಮೂರು.
ನನ್ನದು ಅದರಲ್ಲಿಲ್ಲ. ನನ್ನ ಕೈಯಲ್ಲಿ ಪೆನ್ಸಿಲ್ ಇತ್ತು.
ಆಮೇಲೆ ಶಾಯಿಯಲ್ಲಿ 'ಸರ್ವಾನುಮತ' ಎಂದು ಬರೆದು
ಕೆಳಗೆ ಪೆತ್ಕಾನಾ ಎಂದು ದುಂಡಗೆ ಸಹಿ ಹಾಕಿದೆ, ಅದು ಬೇರೆ ಮಾತು.
ಕೈ ಎತ್ತಲಿಲ್ಲ ಎಂಬುದನ್ನಷ್ಟೇ
ಐವತ್ತು ವರ್ಷ ಉಪ್ಪಿನಕಾಯಿ ಹಾಕಿಟ್ಟುಕೊಂಡೆ.
ಕೆಡಲಿಲ್ಲ. ಬಾಯಿಗಿಡಲೂ ಆಗಲಿಲ್ಲ.

ಕೈ ಎತ್ತಿದ್ದೆಂದರೆ ಕೈಬಿಟ್ಟಿದ್ದು,
ಅದು ಎಲ್ಲರಿಗೂ ಗೊತ್ತಿತ್ತು.
ರಾತ್ರಿ ಅವನ ಹಿಂಬಾಗಿಲಿಗೆ ಯಾರೋ ಸೌದೆ ತಂದಿಟ್ಟರಂತೆ,
ಯಾರೋ ಒಂದು ಬುಟ್ಟಿ ದ್ರಾಕ್ಷಿ.
ಹೆಸರಿರಲಿಲ್ಲ.
ಸೌದೆ ಉರಿಯಿತು, ಚಳಿ ಕಳೆಯಿತು, ಅಲ್ಲವೆನ್ನಲಾರೆ.
ಆದರೆ ಬೆನ್ನಿಗಿದ್ದೇವೆ ಅಂದವರು ಬೆನ್ನ ಹಿಂದೆಯೇ ಉಳಿದರೆ
ತಿರುಗಿ ನೋಡಿದವನಿಗೆ ಕಂಡದ್ದು ಬರೀ ಅಂಗಳ.

ಈ ಮಾರ್ಚಿನಲ್ಲಿ ಮೆತೋದಿ ತೀರಿಕೊಂಡ.
ನಮ್ಮಲ್ಲಿ ಸಾವನ್ನು ಗೋಡೆಗೆ ಅಂಟಿಸುತ್ತೇವೆ:
ಒಂದು ಹಾಳೆ, ಒಂದು ಫೋಟೋ, ಕೆಳಗೆ ಅಳುವವರ ಹೆಸರು.
ಮನೆಯ ಕದಕ್ಕೆ, ಬಸ್ ನಿಲ್ದಾಣಕ್ಕೆ, ಲಿಂಡನ್ ಮರಕ್ಕೆ.
ಅವನ ಹಾಳೆಯಲ್ಲಿ 'ಕುಟುಂಬದವರು' ಎಂದಷ್ಟೇ ಇತ್ತು.

ಅಚ್ಚಿನಂಗಡಿಗೆ ಹೋದೆ.
ಇನ್ನೊಂದು ಹಾಳೆ ಬೇಕು, 'ಸಹೋದ್ಯೋಗಿಗಳಿಂದ' ಎಂದೆ.
ಎಷ್ಟು ಜನ, ಕೇಳಿದಳು ಹುಡುಗಿ,
ಅಕ್ಷರದ ಗಾತ್ರ ನೋಡಬೇಕಲ್ಲ.
ಒಬ್ಬಳು.
ಹಾಗಾದರೆ ಬಹುವಚನ ತಪ್ಪಾಗುತ್ತದೆ, ಅಜ್ಜಿ.
ಇರಲಿ, ಕೆಳಗೆ ಜಾಗ ಬಿಡು ಎಂದೆ.

ಕಾರ್ಖಾನೆ ಈಗ ಟೈಲ್ಸ್ ಗೋದಾಮು.
ಅದರೆದುರಿನ ಮರಕ್ಕೆ ಹೊಡೆಯುವ ಮೊದಲು
ಹಾಳೆಯ ಹಿಂಬದಿಯಲ್ಲಿ, ತೊಗಟೆಗೆ ತಾಗುವ ಕಡೆ,
ಪೆನ್ಸಿಲಿನಲ್ಲಿ ಬರೆದೆ: ಅರವತ್ತನಾಲ್ಕು.
ನಾಲ್ಕು ಮೊಳೆ.
ಸತ್ತವನಿಗೆ ಇದರಿಂದೇನು? ಏನೂ ಇಲ್ಲ.
ಸಾಕ್ಷಿ ಹೊತ್ತಿಗೆ ಒದಗಬೇಕು, ಬಿಸಿ ರೊಟ್ಟಿಯ ಹಾಗೆ.
ಇದು ತಂಗಳು.
ತಂಗಳನ್ನೂ ತಟ್ಟೆಯಲ್ಲೇ ಇಡಬೇಕು ತಾನೇ.

ಮೂರು ದಿನ ಯಾರೂ ನಿಲ್ಲಲಿಲ್ಲ.
ನಾಲ್ಕನೆಯ ದಿನ, ನನ್ನ ಹೆಸರಿನ ಕೆಳಗೆ, ಬಾಲ್‌ಪೆನ್ನಿನಲ್ಲಿ
'ಡೊ' ಎಂದು ಬರೆದು ಯಾರೋ ಬಿಟ್ಟುಹೋಗಿದ್ದರು.
ಪೆನ್ನು ಹಿಡಿಯಲು ಮೂರು ಬೆರಳು ಸಾಕು.
ಮುಗಿದದ್ದು ಶಾಯಿಯೋ ಏನೋ.

ಸಂಜೆ ರಾದ್ಕಾ ಬಂದಳು, ಅವನ ಹೆಂಡತಿ,
ವಿಯೆನ್ನಾದ ಮಗಳ ಮನೆಯಲ್ಲಿ ಹನ್ನೊಂದು ವರ್ಷ ಇದ್ದು ಬಂದವಳು.
ಕನ್ನಡಕ ಏರಿಸಿ ಎರಡು ಸಲ ಓದಿದಳು.
ನನ್ನ ಕಡೆ ತಿರುಗಿ
ತಲೆಯನ್ನು ಅಡ್ಡಡ್ಡ ಆಡಿಸಿದಳು.

ಯಾವ ಊರಿನ ಲೆಕ್ಕದಲ್ಲಿ ಎಂದು
ನಾನು ಕೇಳಲಿಲ್ಲ.